ವಾಪಸ್ ತಂದ ಗೊಬ್ಬರ

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹಸುಗಳೆಂದರೆ ಪ್ರಾಣ, ಚಿಕ್ಕವಳಿಗೆ ಗಿಡಗಳೆಂದರೆ ಪ್ರಾಣ. ನಾನು ದರ್ಜಿ. ಇಬ್ಬರಲ್ಲಿ ಒಬ್ಬಳಾದರೂ ಹೊಲಿಗೆ ಯಂತ್ರದ ಮುಂದೆ ಕೂರಲಿ ಎಂದು ಬಹಳ ಆಸೆಪಟ್ಟೆ, ನಡೆಯಲಿಲ್ಲ. ದೊಡ್ಡವಳ ಕೈಗೆ ಕತ್ತರಿ ಕೊಟ್ಟರೆ ಮೇವು ಕತ್ತರಿಸಿದ ಹಾಗೆ ಬಟ್ಟೆ ಕತ್ತರಿಸುತ್ತಿದ್ದಳು. ಚಿಕ್ಕವಳಿಗೆ ಗುಂಡಿ ಹೊಲಿಯಲು ಕೊಟ್ಟರೆ ಅದನ್ನು ಮಣ್ಣಿನಲ್ಲಿ ಹೂತಿಟ್ಟು ಮೊಳಕೆ ಬರುತ್ತದೆಯೇ ಎಂದು ಕಾಯುತ್ತಿದ್ದಳು. ಕೊನೆಗೆ ನಾನೇ ಸೋತು ಅವರವರ ದಾರಿಗೆ ಅವರನ್ನು ಬಿಟ್ಟೆ.

ದೊಡ್ಡವಳು ಒಬ್ಬ ವೆಲ್ಡರನ್ನು ಮದುವೆಯಾಗಿ, ಊರಿನ ಕೊನೆಯ ಬಸ್ ನಿಲ್ದಾಣದಾಚೆ ಡೈರಿ ಕಟ್ಟಿದಳು. ತಗಡಿನ ಮಾಡು, ಸಿಮೆಂಟಿನ ನೆಲ, ಎರಡು ಸಾಲಿನಲ್ಲಿ ಹಸುಗಳು. ಪಕ್ಕದಲ್ಲೇ ಅಳಿಯನ ವರ್ಕ್‌ಶಾಪು. ಚಿಕ್ಕವಳು ಊರಿನ ಇನ್ನೊಂದು ಮಗ್ಗುಲಿಗೆ, ನೀರಿನ ಟ್ಯಾಂಕಿನ ಹಿಂದೆ, ಹಸಿರು ಬಲೆ ಕಟ್ಟಿ ನರ್ಸರಿ ಮಾಡಿದಳು. ಟೊಮೆಟೊ, ಮೆಣಸಿನಕಾಯಿ, ಕೋಸು, ಹೂವು, ಯಾವ ಸಸಿ ಬೇಕಾದರೂ ಅವಳ ಹತ್ತಿರ ಸಿಗುತ್ತಿತ್ತು. ಅವಳ ಟ್ರೇಗಳಿಗೆ ತುಂಬುವ ಗೊಬ್ಬರವೆಲ್ಲ ಅಕ್ಕನ ಡೈರಿಯದು.

ಡೈರಿ ಎಂದರೆ ಹಾಲು ಎಂದು ಜನ ತಿಳಿದಿದ್ದಾರೆ. ನಡೆಸುವವರನ್ನು ಕೇಳಿ ನೋಡಿ, ಡೈರಿ ಎಂದರೆ ಸಗಣಿ. ಹಾಲು ದಿನಕ್ಕೆ ಎರಡು ಹೊತ್ತು ಬರುತ್ತದೆ, ಸಗಣಿಗೆ ಹೊತ್ತುಗೊತ್ತು ಇಲ್ಲ. ದೊಡ್ಡವಳು ಅದನ್ನು ಗುಂಡಿಗೆ ತಳ್ಳಿ, ಹುಲ್ಲು ಬೆರೆಸಿ, ಕೊಳೆಸಿ, ಜರಡಿ ಹಿಡಿದು ಮೂಟೆ ಕಟ್ಟುತ್ತಿದ್ದಳು. ಮೂಟೆಯ ಬಾಯಿ ಹೊಲಿಯುವ ಕೆಲಸ ನನ್ನದು. ಮದುವೆಯ ಬಟ್ಟೆ ಹೊಲಿದ ಕೈಯಲ್ಲಿ ಗೊಬ್ಬರದ ಮೂಟೆ ಹೊಲಿಯುವುದೇ ಎಂದು ಹಳೆಯ ಗಿರಾಕಿಗಳು ಮೂಗು ಮುರಿದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಮಗಳ ಗೊಬ್ಬರಕ್ಕೆ ಊರಲ್ಲಿ ಹೆಸರಿತ್ತು, ಆ ಹೆಸರಿನ ಬಾಯಿಗೆ ಹೊಲಿಗೆ ಹಾಕುವವಳು ನಾನು ಎಂಬ ಹಮ್ಮೂ ನನಗಿತ್ತು.

ಒಂದು ದಿನ ಚಿಕ್ಕವಳಿಗೆ ಕೊಡಬೇಕಾದ ಮೂಟೆಗಳನ್ನು ಟೆಂಪೋಗೆ ಹೇರಿಕೊಂಡು ನಾನೂ ದೊಡ್ಡವಳೂ ನರ್ಸರಿಗೆ ಹೋದೆವು. ಹೇಳದೆ ಕೇಳದೆ ಹೋಗಿದ್ದೆವು. ಚಿಕ್ಕವಳು ಯಾರೋ ಗಿರಾಕಿಯೊಡನೆ ಮಾತಾಡುತ್ತಿದ್ದಳು. ದೊಡ್ಡವಳು ಮೂಟೆ ಇಳಿಸಲು ಜಾಗ ಹುಡುಕುತ್ತ ಶೆಡ್ಡಿನ ಹಿಂದಕ್ಕೆ ಹೋದವಳು ಅಲ್ಲೇ ನಿಂತುಬಿಟ್ಟಳು. ನಾನು ಹೋಗಿ ನೋಡಿದೆ. ನೀಲಿ ಟಾರ್ಪಾಲಿನ ಅಡಿಯಲ್ಲಿ ನಮ್ಮದೇ ಮೂಟೆಗಳನ್ನು ಗೋಡೆಯೆತ್ತರ ಪೇರಿಸಿದ್ದಳು. ಒಂದನ್ನೂ ಬಿಚ್ಚಿರಲಿಲ್ಲ. ನನ್ನ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ? ಶೆಡ್ಡಿನ ಮುಂದೆ ಟ್ರೇ ತುಂಬುತ್ತಿದ್ದುದು ಬೇರೆ ಯಾರದೋ ಗೊಬ್ಬರ.

ಗಿರಾಕಿಯನ್ನು ಕಳಿಸಿ ಚಿಕ್ಕವಳು ಓಡಿಬಂದಳು. ಜಾಗ ಇರಲಿಲ್ಲ, ಅದಕ್ಕೆ ಹಿಂದೆ ಇಟ್ಟೆ ಎಂದು ಏನೋ ಶುರುಮಾಡಿದಳು. ಸುಳ್ಳು ಹೇಳಿದರೆ ಅವಳ ಕಿವಿ ಕೆಂಪಾಗುತ್ತದೆ, ಚಿಕ್ಕಂದಿನಿಂದಲೂ ಹಾಗೆ. ಅಕ್ಕ ಸುಮ್ಮನೆ ಅವಳ ಕಿವಿಯನ್ನೇ ನೋಡಿದಳು. ಚಿಕ್ಕವಳು ಮಾತು ನಿಲ್ಲಿಸಿದಳು.

"ನಿನ್ನ ಗೊಬ್ಬರ ಹಾಕಿದ್ರೆ ಸಸಿ ಏಳ್ತಿಲ್ಲ ಅಕ್ಕ. ಹೇಳೋಕೆ ಬಾಯಿ ಬರ್ಲಿಲ್ಲ."

ಅವಳು ಒಳಗೆ ಹೋಗಿ ಎರಡು ಟೊಮೆಟೊ ಸಸಿ ಕಿತ್ತು ತಂದು ನಮ್ಮ ಮುಂದೆ ಹಿಡಿದಳು. ಒಂದರ ಬೇರು ಬೆಳ್ಳಗೆ, ಎಳೆ ಎಳೆಯಾಗಿ ಹರಡಿತ್ತು. ಇನ್ನೊಂದರದು ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ದಾರದ ತುದಿಯ ಹಾಗೆ ಗಂಟುಗಟ್ಟಿತ್ತು. ಎಲೆಗಳೂ ಹಳದಿ. ಹೋದ ಹಂಗಾಮಿನಿಂದ ಹೀಗೆ ಆಗುತ್ತಿದೆಯಂತೆ. ಸಸಿ ಕೊಂಡವರು ಬಂದು ಜಗಳ ಆಡಿದಾಗ, ನಮ್ಮ ನೀರು ಸರಿಯಿಲ್ಲ, ನನ್ನದೇ ತಪ್ಪು ಎಂದು ಹೇಳಿ ಬೇರೆ ಸಸಿ ಕೊಟ್ಟು ಕಳಿಸಿದ್ದಳಂತೆ.

ದೊಡ್ಡವಳ ಮುಖ ಸಿಟ್ಟಿನಿಂದ ಬಿಗಿದುಕೊಂಡಿತು. "ನಿನ್ನ ಕೈ ಕೆಟ್ಟಿದೆ ಅಂತ ಜನ ಆಡ್ಕೊಂಡ್ರೂ ಸುಮ್ನಿದ್ದೆಯಾ?"

"ನಿನ್ನ ಗೊಬ್ಬರ ಕೆಟ್ಟಿದೆ ಅಂತ ಆಡ್ಕೊಳ್ಳೋದಕ್ಕಿಂತ ಅದೇ ವಾಸಿ ಅನ್ನಿಸ್ತು."

"ನನ್ನ ಹೆಸರು ಕಾಯೋ ಕೆಲಸ ನಿನಗ್ಯಾರು ಕೊಟ್ಟಿದ್ದು?"

ಇಷ್ಟು ಹೇಳಿ, ತಂದ ಮೂಟೆಗಳನ್ನು ಇಳಿಸದೆ ದೊಡ್ಡವಳು ಟೆಂಪೋ ಹತ್ತಿದಳು. ಚಿಕ್ಕವಳ ಮೇಲೆ ಹಾರಾಡುತ್ತಾಳೆ, ಅವಳ ನೀರನ್ನೋ ಬೀಜವನ್ನೋ ದೂರುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಮನೆಯ ಕಡೆಗೆ ತಿರುಗದೆ ನೇರವಾಗಿ ಪಶು ಆಸ್ಪತ್ರೆಗೆ ಗಾಡಿ ಬಿಟ್ಟಳು. ಒಂದು ಮೂಟೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಡಾಕ್ಟರಮ್ಮನ ಕೋಣೆಗೆ ನುಗ್ಗಿ ಮೇಜಿನ ಪಕ್ಕ ಧೊಪ್ಪೆಂದು ಇಳಿಸಿದಳು. ನನ್ನ ತಂಗಿ ಸುಳ್ಳು ಹೇಳಲ್ಲ, ಇದರಲ್ಲಿ ಏನಿದೆ ನೋಡಿಕೊಡಿ ಎಂದಳು. ಚಿಕ್ಕವಳ ಕಿವಿಯ ಕಥೆ ಅವಳಿಗೂ ಗೊತ್ತಿತ್ತು, ಆದರೂ ಹಾಗೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು.

ಡಾಕ್ಟರಮ್ಮ ನಮ್ಮ ಡೈರಿಗೆ ಮೊದಲಿನಿಂದಲೂ ಬರುತ್ತಿದ್ದವರು. ಗಟ್ಟಿ ಹೆಂಗಸು. ಕರು ಅಡ್ಡ ಸಿಕ್ಕಿಕೊಂಡಾಗ ಭುಜದವರೆಗೆ ಕೈ ಹಾಕಿ ತಿರುಗಿಸಿದ್ದನ್ನು ನಾನೇ ನೋಡಿದ್ದೇನೆ. ಗೊಬ್ಬರದ ಮಾದರಿಯನ್ನು ತಾವು ಓದಿದ ಕಾಲೇಜಿನ ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶ ಬಂದಾಗ ನಮ್ಮನ್ನು ಕರೆಸದೆ ತಾವೇ ಡೈರಿಗೆ ಬಂದರು. ಬಂದವರು ಸೀದಾ ಕೊಟ್ಟಿಗೆಯ ಬಾಗಿಲಿಗೆ ಹೋಗಿ ಅಲ್ಲಿದ್ದ ತೊಟ್ಟಿಯ ಮುಂದೆ ನಿಂತರು. ಹಸುಗಳ ಗೊರಸು ಕೊಳೆಯದಿರಲೆಂದು ಆ ತೊಟ್ಟಿಯಲ್ಲಿ ಮೈಲುತುತ್ತು ಕಲಸಿದ ನೀಲಿ ನೀರು ತುಂಬಿಸಿ, ಹಾಲು ಕರೆದ ಮೇಲೆ ಹಸುಗಳನ್ನು ಅದರಲ್ಲಿ ನಡೆಸುತ್ತಿದ್ದೆವು.

"ಈ ನೀರು ಆಮೇಲೆ ಎಲ್ಲಿಗೆ ಹೋಗುತ್ತೆ?" ಡಾಕ್ಟರಮ್ಮ ಕೇಳಿದರು.

ದೊಡ್ಡವಳು ಮೋರಿಯ ಕಡೆ ನೋಡಿದಳು. ಮೋರಿ ಹೋಗುತ್ತಿದ್ದುದು ಗೊಬ್ಬರದ ಗುಂಡಿಗೆ. ಡಾಕ್ಟರಮ್ಮನೇ ಮುಂದುವರಿಸಿದರು. "ಹೋದ ವರ್ಷ ತೊಟ್ಟಿ ಕಟ್ಟಿಸಿ ಅಂದಿದ್ದು ನಾನೇ. ನೀರು ಎಲ್ಲಿಗೆ ಹೋಗುತ್ತೆ ಅಂತ ಅವತ್ತೇ ಕೇಳಬೇಕಿತ್ತು, ಕೇಳಲಿಲ್ಲ."

ಮೈಲುತುತ್ತಿನಲ್ಲಿರುವುದು ತಾಮ್ರ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಗುಂಡಿಗೆ ಇಳಿದದ್ದು ಅಲ್ಲೇ ಕೂತು, ಗೊಬ್ಬರದೊಡನೆ ಸಸಿಯ ಬೇರಿಗೆ ಹೋಗಿ ಅದನ್ನು ಸುಡುತ್ತಿತ್ತು. ಪರೀಕ್ಷೆಯಲ್ಲಿ ಅದರ ಜೊತೆಗೆ ಇನ್ನೊಂದು ಸಿಕ್ಕಿತ್ತು. ಕೆಚ್ಚಲು ಬಾವು ಬಂದ ಹಸುಗಳಿಗೆ ಕೊಟ್ಟ ಔಷಧದ ಅಂಶ. ಔಷಧ ಕೊಟ್ಟ ಹಸುವಿನ ಹಾಲನ್ನು ನಾವು ಯಾರಿಗೂ ಕೊಡುತ್ತಿರಲಿಲ್ಲ, ಅದರಲ್ಲಿ ದೊಡ್ಡವಳು ಬಹಳ ಕಟ್ಟುನಿಟ್ಟು. ಆದರೆ ಅದರ ಸಗಣಿ ಎಲ್ಲದರ ಜೊತೆ ಗುಂಡಿಗೇ ಹೋಗುತ್ತಿತ್ತು. ಅಂಥ ಗೊಬ್ಬರ ಹೊಲಕ್ಕೆ ಹೋದರೆ ಮಣ್ಣಿನೊಳಗಿನ ರೋಗಾಣುಗಳು ಆ ಔಷಧಕ್ಕೆ ಒಗ್ಗಿಕೊಂಡುಬಿಡುತ್ತವೆ, ಮುಂದೆ ಕಾಯಿಲೆ ಬಂದಾಗ ಹಸುವಿಗಾಗಲಿ ಮನುಷ್ಯರಿಗಾಗಲಿ ಅದೇ ಔಷಧ ನಾಟುವುದಿಲ್ಲ ಎಂದು ಡಾಕ್ಟರಮ್ಮ ವಿವರಿಸಿದರು.

ದೊಡ್ಡವಳು ಅವತ್ತೇ ಮೋರಿಗೆ ಸಿಮೆಂಟು ಹಾಕಿಸಿ ಮುಚ್ಚಿಸಿದಳು. ತೊಟ್ಟಿಯ ನೀರು ಬೇರೆಯಾಗಿ ಡ್ರಮ್ಮಿನಲ್ಲಿ ನಿಲ್ಲುವಂತೆ, ಅಲ್ಲಿಂದ ಕಾರ್ಖಾನೆಗಳ ಕೆಟ್ಟ ನೀರು ಒಯ್ಯುವವರ ಗಾಡಿಗೆ ಹೋಗುವಂತೆ ಏರ್ಪಾಡು ಮಾಡಿದಳು. ಔಷಧ ನಡೆಯುತ್ತಿದ್ದ ಹಸುಗಳನ್ನು ಕೊನೆಯ ಅಂಕಣಕ್ಕೆ ಕಟ್ಟಿ, ಅವುಗಳ ಸಗಣಿಯನ್ನು ಬೇರೆ ಒಟ್ಟತೊಡಗಿದಳು. ಇಷ್ಟಕ್ಕೆ ನಿಲ್ಲಿಸಿದ್ದರೆ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಮರುದಿನ ಬೆಳಗ್ಗೆ ಅವಳು ಖಾಲಿ ಟೆಂಪೋ ತೆಗೆದುಕೊಂಡು ಹೊರಟಳು. ಎಲ್ಲಿಗೆ ಎಂದು ಕೇಳಿದೆ.

"ಕೊಟ್ಟ ಗೊಬ್ಬರ ವಾಪಸ್ ತರೋಕೆ ಅಮ್ಮ."

ಕೊಟ್ಟ ಹಾಲನ್ನು ವಾಪಸ್ ಕೇಳಿದವರನ್ನು ಕಂಡಿದ್ದೆ, ಕೊಟ್ಟ ಸಗಣಿಯನ್ನು ವಾಪಸ್ ಕೇಳಲು ಹೊರಟವಳನ್ನು ಕಂಡಿರಲಿಲ್ಲ. ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಪ್ರತಿ ಬಾಗಿಲಲ್ಲೂ ಅವಳು ಒಂದೇ ಮಾತು ಹೇಳಿದಳು. ನನ್ನ ಗೊಬ್ಬರದಲ್ಲಿ ತಾಮ್ರ ಇದೆ, ಔಷಧ ಇದೆ, ಬಳಸಬೇಡಿ, ಕೊಟ್ಟುಬಿಡಿ, ಒಳ್ಳೆಯದು ಮಾಡಿದ ಮೇಲೆ ತಂದುಕೊಡುತ್ತೇನೆ. ಸ್ವರ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಕೆಲವರು ಬೈದರು. ಕೆಲವರು ಕೂರಿಸಿ ಟೀ ಕೊಟ್ಟರು. ಗುಲಾಬಿ ಬೆಳೆಸುವ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಮೂಟೆಯ ಮೇಲೆ ಕೂತು ಏಳಲೇ ಇಲ್ಲ. ನನ್ನ ಗುಲಾಬಿಗೆ ಏನೂ ಆಗಿಲ್ಲ, ಕೊಡಲ್ಲ ಎಂದು ಹಠ ಹಿಡಿದರು. ದೊಡ್ಡವಳು ಅವರ ಪಕ್ಕ ನೆಲದ ಮೇಲೆ ಕೂತು, ಗುಲಾಬಿಯ ಬುಡ ಕೆದಕಿ ಬೇರು ತೋರಿಸಿ, ಅರ್ಧ ಬೆಳಗು ಕಳೆದ ಮೇಲೆ ಮೂಟೆ ಬಿಡಿಸಿಕೊಂಡು ಬಂದಳು. ಹೊಳೆಯಾಚೆ ಇನ್ನೊಂದು ಡೈರಿ ಇದೆ, ನಮ್ಮದಕ್ಕಿಂತ ದೊಡ್ಡದು. ಅದರ ಯಜಮಾನ ಟೀ ಅಂಗಡಿಯ ಮುಂದೆ ನಿಂತು, ನಮ್ಮ ಟೆಂಪೋ ನೋಡಿ, ಊರ ಸಗಣಿಯೆಲ್ಲ ತವರಿಗೆ ಹೊರಟಿದೆ ಎಂದು ನಗಾಡಿದ. ಜೊತೆಗಿದ್ದವರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅವಳು ಕೈಬೀಸಿ ಗಾಡಿ ಮುಂದಕ್ಕೆ ಬಿಟ್ಟಳು.

ಅಂಗಳದ ತುಂಬ ಮೂಟೆಗಳು ಬಂದು ಬಿದ್ದ ಮೇಲೆ, ಇದನ್ನೆಲ್ಲ ಏನು ಮಾಡುವುದು ಎಂಬ ಪ್ರಶ್ನೆ ಎದ್ದಿತು. ಡಾಕ್ಟರಮ್ಮ ಆಗ ಬಯೋಚಾರ್ ಎಂಬ ಮಾತು ಎತ್ತಿದರು. ಹೆಸರು ದೊಡ್ಡದು, ವಸ್ತು ಇದ್ದಿಲೇ. ಗಾಳಿ ಸಾಕಷ್ಟು ಸೋಕದ ಹಾಗೆ ಕಟ್ಟಿಗೆ ಸುಟ್ಟರೆ ಬೂದಿಯಾಗದೆ ಇದ್ದಿಲಾಗುತ್ತದೆ. ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಸಗಣಿಯ ರಾಶಿಗೆ ಅದನ್ನು ಬೆರೆಸಿ ಕೊಳೆಸಿದರೆ ತಾಮ್ರ ಅದಕ್ಕೆ ಅಂಟಿಕೊಳ್ಳುತ್ತದೆ, ರಾಶಿಯೊಳಗೆ ಗಾಳಿ ಆಡುತ್ತದೆ, ಕೊಳೆಸುವ ಜೀವಿಗಳು ಆ ತೂತುಗಳಲ್ಲಿ ಮನೆ ಮಾಡುತ್ತವೆ, ರಾಶಿ ಚೆನ್ನಾಗಿ ಬಿಸಿಯಾಗಿ ಔಷಧದ ಅಂಶವನ್ನು ಮುರಿದುಹಾಕುತ್ತದೆ. ಇಷ್ಟು ಹೇಳಿ, ಭರವಸೆ ಮಾತ್ರ ಕೊಡಲಾರೆ ಎಂದರು. ಕೆಲವು ಕಡೆ ಚೆನ್ನಾಗಿ ಆಗಿದೆಯಂತೆ, ಕೆಲವು ಕಡೆ ಅಷ್ಟಕ್ಕಷ್ಟೆ. ಯಾವ ಕಟ್ಟಿಗೆ, ಎಷ್ಟು ಕಾವು, ಎಷ್ಟು ಬೆರೆಸಿದಿರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮಾಡಿ ನೋಡೋಣ, ನಾನೂ ಜೊತೆಗಿರುತ್ತೇನೆ ಎಂದರು.

ಕಟ್ಟಿಗೆಗೆ ಬರವಿರಲಿಲ್ಲ. ಬಡಗಿಯ ಅಂಗಡಿಯಲ್ಲಿ ಬಣ್ಣ ಬಳಿಯದ ತುಂಡುಗಳು, ಹಣ್ಣಿನ ತೋಟಗಳಲ್ಲಿ ಸವರಿ ಬಿಸಾಡಿದ ರೆಂಬೆಗಳು ಬೇಕಾದಷ್ಟು ಸಿಕ್ಕವು. ಅಳಿಯಂದಿರು ಒಂದು ಹಳೆಯ ಡ್ರಮ್ಮಿಗೆ ಮುಚ್ಚಳ ಮಾಡಿ ಒಲೆ ಹೂಡಿದರು. ಮೊದಲ ದಿನವೇ ಎಂಥ ಹೊಗೆ ಎದ್ದಿತೆಂದರೆ, ಹಿಂದಿನ ಬೀದಿಯಲ್ಲಿ ಒಣಗಲು ಹಾಕಿದ ಬಟ್ಟೆಯೆಲ್ಲ ಕರಿ ಹಿಡಿಯಿತು. ಡ್ರಮ್ಮು ಬಿಚ್ಚಿ ನೋಡಿದರೆ ಕಟ್ಟಿಗೆ ಹೊರಗೆ ಕಪ್ಪು, ಒಳಗೆ ಹಸಿ. ದೊಡ್ಡವಳು ಮತ್ತೊಮ್ಮೆ ಮನೆಮನೆ ಸುತ್ತಿದಳು, ಈ ಸಲ ಕರಿ ಹಿಡಿದ ಬಟ್ಟೆ ತರಲು. ನಾನೂ ಅವಳೂ ಇಡೀ ಬೀದಿಯ ಬಟ್ಟೆ ಒಗೆದೆವು.

ಅಳಿಯಂದಿರು ಅವಮಾನವಾದವರಂತೆ ವರ್ಕ್‌ಶಾಪಿನಲ್ಲಿ ಕೂತುಬಿಟ್ಟರು. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಪಾತ್ರೆ ಬೇಕು, ಬೆಂಕಿ ಮೇಲೇ ಉರಿದರೆ ಹೊಗೆಯನ್ನು ಅದೇ ತಿಂದುಹಾಕುತ್ತದೆ, ಕೆಳಗಿನ ಕಟ್ಟಿಗೆಗೆ ಗಾಳಿ ಸಿಗದೆ ಇದ್ದಿಲಾಗುತ್ತದೆ ಎಂದು ಡಾಕ್ಟರಮ್ಮ ಎಲ್ಲಿಂದಲೋ ಚಿತ್ರ ತರಿಸಿ ತೋರಿಸಿದರು. ಅಳಿಯಂದಿರು ತಗಡನ್ನು ಬಗ್ಗಿಸಿ ಬಗ್ಗಿಸಿ ನೋಡಿದರು. ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ತಡೆಯಲಾಗಲಿಲ್ಲ.

"ಅಳಿಯಂದಿರೇ, ನೀವು ಹೊಲಿಯೋಕೆ ಹೊರಟಿರೋದು ಘೇರಿನ ಲಂಗ. ತಲೆಕೆಳಗೆ ಇಟ್ಟಿದ್ದೀರಿ ಅಷ್ಟೇ."

ಹಳೆಯ ಪೇಪರು ಹಾಸಿ, ಮೇಲೆ ಅಗಲ ಕೆಳಗೆ ಕಿರಿದಾದ ತುಂಡುಗಳ ಅಳತೆ ಕತ್ತರಿಸಿ ಕೊಟ್ಟೆ. ಅದನ್ನು ತಗಡಿನ ಮೇಲಿಟ್ಟು ಗೀರೆಳೆದು ಕೊಯ್ದು ಬೆಸುಗೆ ಹಾಕಿದರು. ನಲವತ್ತು ವರ್ಷ ಹೊಲಿದ ಲಂಗಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಹೊಸ ಒಲೆಗೆ ಬೆಂಕಿ ಹಾಕಿದ ದಿನ ಜ್ವಾಲೆ ಬಾಯಿಯ ಅಗಲಕ್ಕೂ ಹರಡಿ ಸುಮ್ಮನೆ ಉರಿಯಿತು. ಹೊಗೆಯೇ ಇಲ್ಲ. ಮೇಲಿನ ಕೆಂಡದ ಅಂಚು ಬೂದಿಗಟ್ಟತೊಡಗಿದ ಕೂಡಲೇ ಇನ್ನಷ್ಟು ರೆಂಬೆ, ಮತ್ತೆ ಅಂಚು ಬೆಳ್ಳಗಾದರೆ ಮತ್ತಷ್ಟು. ಪಾತ್ರೆ ತುಂಬಿದ ಮೇಲೆ ಪೈಪಿನಿಂದ ನೀರು ಬಿಟ್ಟು ಮುಳುಗಿಸಿದೆವು. ಆರಿದ ಇದ್ದಿಲು ಕೈಯಿಂದ ಬಿಟ್ಟರೆ ಗಾಜಿನ ಚೂರಿನ ಹಾಗೆ ಕಣಕಣ ಎನ್ನುತ್ತಿತ್ತು. ಒದ್ದೆಯಿದ್ದಾಗಲೇ ಗೋಣಿಗೆ ತುಂಬಿ, ಅದರ ಮೇಲೆ ಟೆಂಪೋ ಹಿಂದೆ ಮುಂದೆ ಓಡಿಸಿ ಪುಡಿ ಮಾಡಿದೆವು.

ವಾಪಸ್ ಬಂದ ಗೊಬ್ಬರ, ಹೊಸ ಸಗಣಿ, ಒಣಹುಲ್ಲು ಸೇರಿಸಿ ದೊಡ್ಡವಳು ಎರಡು ರಾಶಿ ಹಾಕಿದಳು. ಒಂದಕ್ಕೆ ಹತ್ತು ಬುಟ್ಟಿಗೆ ಒಂದು ಬುಟ್ಟಿಯಂತೆ ಇದ್ದಿಲು, ಇನ್ನೊಂದಕ್ಕೆ ಇಲ್ಲ. ಇದ್ದಿಲಿಲ್ಲದ ರಾಶಿ ಯಾಕೆ, ಕೆಟ್ಟದ್ದು ಕೆಟ್ಟದ್ದೇ ಎಂದು ಗೊತ್ತಿದ್ದೂ ಅದಕ್ಕೆ ಯಾಕೆ ಬೆನ್ನು ಮುರಿಯಬೇಕು ಎಂದು ಅವಳು ವಾದಿಸಿದಳು. ಪಕ್ಕದಲ್ಲಿಟ್ಟು ನೋಡದೆ ಯಾವುದು ಇದ್ದಿಲಿನ ಗುಣ, ಯಾವುದು ಬರೀ ಕೊಳೆತದ್ದರ ಗುಣ ಎಂದು ಹೇಳಲಾಗದು ಎಂದು ಡಾಕ್ಟರಮ್ಮ ಪಟ್ಟು ಬಿಡಲಿಲ್ಲ. ಕೊನೆಗೆ ಎರಡಕ್ಕೂ ಒಂದೇ ಆರೈಕೆ ಎಂದು ಒಪ್ಪಿದಳು.

ಮೊದಲ ವಾರ ಇದ್ದಿಲಿನ ರಾಶಿ ಮುನಿಸಿಕೊಂಡಂತೆ ತಣ್ಣಗೆ ಕೂತಿತು. ಕಬ್ಬಿಣದ ಸರಳು ಚುಚ್ಚಿ ತೆಗೆದು ಹಿಡಿದು ನೋಡಿದರೆ ಉಗುರುಬೆಚ್ಚಗೂ ಇಲ್ಲ. ಹುಳಿ ವಾಸನೆ ಬೇರೆ. ನೀರು ಕುಡಿದ ಇದ್ದಿಲು ರಾಶಿಯನ್ನು ಕೆಸರು ಮಾಡಿತ್ತು. ದೊಡ್ಡವಳು ಸಲಿಕೆ ಹಿಡಿದು ಇಡೀ ರಾಶಿಯನ್ನು ಬಿಚ್ಚಿ, ಒಣಹುಲ್ಲು ಬೆರೆಸಿ ಮತ್ತೆ ಕಟ್ಟಿದಳು. ಮಾತು ಕೊಟ್ಟಿದ್ದಳಲ್ಲ, ಇನ್ನೊಂದು ರಾಶಿಯನ್ನೂ ಬಿಚ್ಚಿ ಅಷ್ಟೇ ಹುಲ್ಲು ಹಾಕಿ ಕಟ್ಟಿದಳು. ಸೊಂಟ ಹಿಡಿದುಕೊಂಡು ಒಂದು ದಿನ ನೆಟ್ಟಗೆ ನಿಲ್ಲಲಾರದೆ ಹಸುಗಳ ಹಾಗೆ ಬಗ್ಗಿಯೇ ಓಡಾಡಿದಳು. ಅದಾದ ಮೇಲೆ ಬಂತು ನೋಡಿ ಕಾವು. ಬೆಳಗ್ಗೆ ರಾಶಿಯ ತಲೆಯಿಂದ ಹಬೆ ಏಳುತ್ತಿತ್ತು, ಸರಳನ್ನು ಬರಿಗೈಯಲ್ಲಿ ಹಿಡಿಯಲಾಗುತ್ತಿರಲಿಲ್ಲ. ಇದ್ದಿಲಿನ ರಾಶಿ ಇನ್ನೊಂದಕ್ಕಿಂತ ಮೊದಲು ಕಾದು, ಹೆಚ್ಚು ದಿನ ಕಾವು ಹಿಡಿದಿಟ್ಟುಕೊಂಡಿತು. ವಾಸನೆಯೂ ಕಡಿಮೆ. ಅದರ ಪಕ್ಕದಲ್ಲಿ ಕೂತು ನಾನು ಮೂಟೆ ಹೊಲಿಯುತ್ತಿದ್ದೆ, ಇನ್ನೊಂದರ ಪಕ್ಕದಲ್ಲಿ ಕೂರಲಾಗುತ್ತಿರಲಿಲ್ಲ.

ಮಾಗಿದ ಮೇಲೆ ಎರಡೂ ರಾಶಿಯ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಡಾಕ್ಟರಮ್ಮ ಫಲಿತಾಂಶ ಹೇಳಿದ ದಿನ ನಾವೆಲ್ಲ ಕೊಟ್ಟಿಗೆಯ ಮುಂದೆ ನಿಂತಿದ್ದೆವು. ಔಷಧದ ಅಂಶ ಇದ್ದಿಲಿನ ರಾಶಿಯಲ್ಲಿ ಹುಡುಕಿದರೂ ಸಿಗದಷ್ಟು ಇಳಿದಿತ್ತು, ಇನ್ನೊಂದರಲ್ಲಿ ಸ್ವಲ್ಪ ಉಳಿದಿತ್ತು. ತಾಮ್ರ ಮಾತ್ರ ಎರಡರಲ್ಲೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ದೊಡ್ಡವಳ ಮುಖ ಸಣ್ಣಗಾಯಿತು. ಡಾಕ್ಟರಮ್ಮ ಅವಸರ ಮಾಡದೆ ಮುಂದಿನ ಸಾಲು ಓದಿದರು. ತಾಮ್ರ ಇದೆ, ಆದರೆ ನೀರಿನಲ್ಲಿ ಕರಗಿ ಬೇರಿಗೆ ಹೋಗುವ ತಾಮ್ರ ಇದ್ದಿಲಿನ ರಾಶಿಯಲ್ಲಿ ತೀರ ಕಡಿಮೆ.

ದೊಡ್ಡವಳು ಕೊಟ್ಟಿಗೆಯೊಳಕ್ಕೆ ನೋಡಿದಳು. "ಅಂದ್ರೆ ಹಸು ಕೊಟ್ಟಿಗೆಯಲ್ಲೇ ಇದೆ. ಆದ್ರೆ ಗೂಟಕ್ಕೆ ಕಟ್ಟಿದೆ."

"ಹೌದು."

"ಹಗ್ಗ ಎಷ್ಟು ಗಟ್ಟಿ?"

"ಅದನ್ನ ವರ್ಷ ವರ್ಷ ನೋಡ್ತಾನೇ ಇರಬೇಕು. ಹೊಸ ಹಸು ಮಾತ್ರ ಒಳಗೆ ಬಿಡಬೇಡಿ, ತೊಟ್ಟಿ ನೀರು ಇನ್ನು ಯಾವತ್ತೂ ಗುಂಡಿಗೆ ಹೋಗಬಾರದು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಈ ಗೊಬ್ಬರ ಹಾಕೋದೂ ಬೇಡ."

ತಾಮ್ರ ಹೋಗಿದೆ ಎಂದು ಊರಿಗೆ ಹೇಳಬಾರದು, ಕಟ್ಟಿಹಾಕಿದ್ದೇವೆ ಎಂದೇ ಹೇಳಬೇಕು ಎಂದು ದೊಡ್ಡವಳು ಗಂಡನಿಗೂ ನನಗೂ ಕಟ್ಟಪ್ಪಣೆ ಮಾಡಿದಳು. ಇದ್ದಿಲಿಲ್ಲದ ರಾಶಿಯನ್ನು ಯಾರಿಗೂ ಕೊಡದೆ, ಇದ್ದಿಲು ಸೇರಿಸಿ ಮತ್ತೆ ಕೊಳೆಯಲು ಹಾಕಿದಳು.

ಇನ್ನು ಉಳಿದದ್ದು ಚಿಕ್ಕವಳ ಪರೀಕ್ಷೆ. ಅಕ್ಕತಂಗಿಯರು ಅಲ್ಲಿಯವರೆಗೆ ನನ್ನ ಮೂಲಕವೇ ಮಾತಾಡುತ್ತಿದ್ದರು. ಅಕ್ಕನಿಗೆ ಸೊಂಟ ನೋವು ಹೇಗಿದೆ ಕೇಳು, ಅವಳಿಗೆ ಹಾಲು ಸಾಕಾಗುತ್ತಾ ಕೇಳು, ಹೀಗೆ. ದೊಡ್ಡವಳು ಹೊಸ ಗೊಬ್ಬರದ ಒಂದು ಮೂಟೆಯನ್ನು ನನ್ನ ಕೈಯಲ್ಲೇ ನರ್ಸರಿಗೆ ಕಳಿಸಿದಳು. ಪ್ರಯೋಗಾಲಯದವರು ಏನು ಹೇಳಿದರು ಎಂದು ನಾನು ಚಿಕ್ಕವಳಿಗೆ ವಿವರಿಸಲು ಹೋದೆ. ಅವಳು ಕೈಯೆತ್ತಿ ತಡೆದಳು. ಅವರದು ಅವರು ನೋಡಿದ್ದಾರೆ, ನನ್ನದು ನಾನು ನೋಡುತ್ತೇನೆ, ನಾನಾಗಿ ಬರುವವರೆಗೆ ಅಕ್ಕ ಇಲ್ಲಿಗೆ ಬರುವುದು ಬೇಡ ಎಂದಳು. ಈ ಮಾತು ಕೇಳಿ ದೊಡ್ಡವಳಿಗೆ ಬೇಸರವಾಗಬಹುದು ಎಂದುಕೊಂಡರೆ, ಅವಳು ಹಲ್ಲು ಬಿಟ್ಟು ನಕ್ಕಳು. ಹಾಗೇ ಮಾಡಲಿ, ಮುಲಾಜು ಇಟ್ಟುಕೊಂಡರೆ ಅವಳು ನನ್ನ ತಂಗಿಯೇ ಅಲ್ಲ ಎಂದಳು.

ಟೊಮೆಟೊ ಸಸಿ ಟ್ರೇಯಿಂದ ಏಳುವಷ್ಟು ಕಾಲ ಕಳೆಯಿತು. ಒಂದು ಮಧ್ಯಾಹ್ನ ಚಿಕ್ಕವಳು ಸ್ಕೂಟರಿನ ಮುಂದೆ ಟ್ರೇ ಇಟ್ಟುಕೊಂಡು, ಊರಿನ ನಡುವಿನ ದಾರಿಯಲ್ಲೇ, ಎಲ್ಲರೂ ನೋಡುವಂತೆ ನಿಧಾನವಾಗಿ ಬಂದಳು. ಕೊಟ್ಟಿಗೆಯ ಮುಂದೆ ಇಳಿದು, ಮಾತಿಲ್ಲದೆ ಒಂದು ಸಸಿಯನ್ನು ಬುಡ ಹಿಡಿದು ಎಳೆದಳು. ಮಣ್ಣಿನ ಮುದ್ದೆ ಒಡೆಯದೆ ಇಡಿಯಾಗಿ ಎದ್ದು ಬಂತು. ಅದರ ಸುತ್ತ ಬೆಳ್ಳನೆಯ ಬೇರು ಹೊಲಿಗೆ ಹಾಕಿದಂತೆ ಒತ್ತೊತ್ತಾಗಿ ಹೆಣೆದುಕೊಂಡಿತ್ತು. ಬೇರಿನ ಎಳೆಗಳು ಕಪ್ಪು ಇದ್ದಿಲಿನ ಚೂರುಗಳನ್ನೂ ತಬ್ಬಿಕೊಂಡಿದ್ದವು. ದೊಡ್ಡವಳು ಅದನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡಳು, ಆಗತಾನೇ ಹುಟ್ಟಿದ ಕರುವಿನ ಮೂತಿ ಹಿಡಿದ ಹಾಗೆ.

"ಎಷ್ಟು ಮೂಟೆ ಇದೆ ಅಕ್ಕ? ಅಷ್ಟೂ ನನಗೇ ಬೇಕು."

"ಅಷ್ಟೂ ಕೊಡೋಕಾಗಲ್ಲ. ವಾಪಸ್ ಕೊಟ್ಟೋರಿಗೆ ಮೊದಲು."

ತಂಗಿ ಸ್ವಲ್ಪ ಮುಖ ಊದಿಸಿದಳು, ಆಮೇಲೆ ತಾನೂ ತೋಳು ಮಡಚಿ ಮೂಟೆ ಹೇರಲು ನಿಂತಳು. ಅವತ್ತು ಟೆಂಪೋದಲ್ಲಿ ನನಗೆ ಜಾಗವಿರಲಿಲ್ಲ. ಅಕ್ಕತಂಗಿಯರೇ ಹೋಗಿ ಮನೆಮನೆಗೆ ಕೊಟ್ಟುಬಂದರು. ಗುಲಾಬಿ ಮೇಷ್ಟ್ರಿಗೆ ಒಂದು ಮೂಟೆ ಹೆಚ್ಚಿಗೆ ಕೊಟ್ಟರಂತೆ, ಕಾದದ್ದಕ್ಕೆ.

ಸುದ್ದಿ ಹಾಲಿನ ಸಂಘದವರೆಗೆ ಹೋಯಿತು. ಅವರು ಸುತ್ತಮುತ್ತಲಿನ ಡೈರಿಯವರನ್ನೆಲ್ಲ ಸಂಘದ ಸಭಾಂಗಣಕ್ಕೆ ಕರೆಸಿ, ದೊಡ್ಡವಳನ್ನು ಮಾತಾಡಲು ಕೇಳಿಕೊಂಡರು. ಸಭಾಂಗಣ ಎಂದರೆ ಉದ್ದನೆಯ ಕೋಣೆ, ಮಡಚುವ ಕುರ್ಚಿಗಳು, ಮೂಲೆಯಲ್ಲಿ ಖಾಲಿ ಕ್ಯಾನುಗಳು. ಅವಳಿಗೆ ಹೊಸ ಅಂಗಿ ಹೊಲಿದುಕೊಡುತ್ತೇನೆ ಎಂದರೆ ಬೇಡವೆಂದಳು. ಕೆಲಸದ ಅಂಗಿಯನ್ನೇ ಒಗೆದು ಇಸ್ತ್ರಿ ಮಾಡಿ ಹಾಕಿಕೊಂಡಳು. ಭಾಷಣ ಅವಳಿಗೆ ಬಾರದು. ಬಕೆಟ್ಟಿನಲ್ಲಿ ಇದ್ದಿಲು, ಇನ್ನೊಂದರಲ್ಲಿ ಗೊಬ್ಬರ, ಬದಿಗೆ ಚಿಕ್ಕವಳ ಟ್ರೇ ಇಟ್ಟುಕೊಂಡು, ಮಾಡಿದ್ದನ್ನು ಮಾಡಿದ ಹಾಗೆ ಹೇಳಿದಳು. ಮೋರಿ ಗುಂಡಿಗೆ ಹೋಗುತ್ತಿದ್ದದ್ದು, ಡ್ರಮ್ಮಿನ ಹೊಗೆ, ತಣ್ಣಗೆ ಕೂತ ರಾಶಿ, ಕಟ್ಟಿಹಾಕಿದ ತಾಮ್ರ, ಯಾವುದನ್ನೂ ಬಿಡಲಿಲ್ಲ. ಡಾಕ್ಟರಮ್ಮ ಅಲ್ಲಲ್ಲಿ ಒಂದೊಂದು ಮಾತು ಸೇರಿಸಿದರು.

ಹೊಳೆಯಾಚೆಯ ಡೈರಿಯ ಯಜಮಾನ ಹಿಂದಿನ ಸಾಲಿನಿಂದ ಎದ್ದು ನಿಂತ. ನಗಾಡುವ ಮುಖವಿರಲಿಲ್ಲ. "ನಿನ್ನ ಗೊಬ್ಬರ ಕೆಟ್ಟದ್ದು ಅಂತ ನೀನೇ ಊರೆಲ್ಲ ಸಾರಿದೆಯಲ್ಲ ತಾಯಿ, ಭಯ ಆಗ್ಲಿಲ್ವಾ?"

"ಆಯ್ತು ಅಣ್ಣ," ಎಂದಳು ದೊಡ್ಡವಳು. "ಆದ್ರೆ ನಾನು ಹೇಳದೇ ಇದ್ದಿದ್ರೆ ನನ್ನ ತಂಗಿ ತಪ್ಪನ್ನ ಇನ್ನೂ ತನ್ನ ಮೇಲೆ ಹಾಕ್ಕೊಳ್ತಾ ಇದ್ಲು. ಅದಕ್ಕಿಂತ ಇದು ಸುಲಭ ಇತ್ತು."

ಆತ ಅಲ್ಲೇ ನಿಂತು, ನನ್ನ ಡೈರಿಯ ತೊಟ್ಟಿ ನೀರೂ ಗುಂಡಿಗೇ ಹೋಗುತ್ತದೆ, ಯಾವಾಗ ಬಂದರೆ ಒಲೆ ತೋರಿಸುತ್ತೀಯ ಎಂದು ಕೇಳಿದ. ಅವನ ಹಿಂದೆಯೇ ಇನ್ನೂ ಕೆಲವರು ಎದ್ದರು. ಚಿಕ್ಕವಳು ಟ್ರೇ ಎತ್ತಿಕೊಂಡು ಸಾಲು ಸಾಲಾಗಿ ಸಸಿ ತೋರಿಸುತ್ತ ಬಂದಳು. ಯಾರ ಗೊಬ್ಬರ ಎಂದು ಕೇಳಿದವರಿಗೆಲ್ಲ ನಮ್ಮಕ್ಕನದು, ನಮ್ಮಕ್ಕನದು ಎಂದು ಹೇಳಿದ್ದೇ ಹೇಳಿದ್ದು. ಕೇಳದವರಿಗೂ ಹೇಳಿದಳು. ಅವಳ ಕಿವಿ ಬೆಳ್ಳಗೇ ಇತ್ತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ಬಾಗಿ, ಮಾತಾಡಿದವರು ನಿಮಗೆ ಗೊತ್ತಾ ಎಂದು ಕೇಳಿದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಅವಳು ನನ್ನ ದೊಡ್ಡ ಮಗಳು, ಟ್ರೇ ಹಿಡಿದಿರುವವಳು ಚಿಕ್ಕ ಮಗಳು, ಒಲೆಯ ವಿಷಯ ಕೇಳುವುದಿದ್ದರೆ ಅಗೋ ಅಲ್ಲಿ ನನ್ನ ಅಳಿಯ ಎಂದು ಮೂವರನ್ನೂ ಬೆರಳಿಟ್ಟು ತೋರಿಸಿದೆ. ಎದೆ ಎಷ್ಟು ಉಬ್ಬಿತ್ತೆಂದರೆ, ನಾನೇ ಅಳತೆ ತೆಗೆದು ಹೊಲಿದ ಅಂಗಿ ಬಿಗಿಯಾಗಿತ್ತು.

ಜನ ದೊಡ್ಡವಳನ್ನು ಸುತ್ತುಗಟ್ಟಿ ಇನ್ನೂ ಕೇಳುತ್ತಲೇ ಇದ್ದರು. ಅವಳು ಗೋಡೆಯ ಗಡಿಯಾರ ನೋಡಿ, ಬಕೆಟ್ಟು ಎರಡನ್ನೂ ಎತ್ತಿಕೊಂಡಳು. ಹಾಲು ಕರೆಯುವ ಹೊತ್ತಾಯಿತು, ಹಸುಗಳು ಕಾಯುತ್ತವೆ, ಮಿಕ್ಕದ್ದನ್ನು ಕೇಳಬೇಕೆಂದಿರುವವರು ಡೈರಿಗೇ ಬನ್ನಿ, ಬರುವಾಗ ಬೂಟು ಹಾಕಿಕೊಂಡು ಬನ್ನಿ ಎಂದು ಹೇಳಿ ಬಾಗಿಲ ಕಡೆ ನಡೆದಳು. ಸಭೆಯ ಅರ್ಧ ಜನ ಅವಳ ಹಿಂದೆಯೇ ಹೊರಟರು.